ಭಾನುವಾರ ಹತ್ತು ಗಂಟೆಯವರೆಗೆ ಸ್ಕೋರ್ ಹೇಳಬೇಡಿ

ಹೋದ ವಾರ ನಮ್ಮ ಕಟ್ಟಡದ ಲಾಬಿಗೆ ಬಣ್ಣ ಹೊಡೆಯಲು ನೋಟಿಸ್ ಬೋರ್ಡು ಕಳಚಿದರು. ಅದರ ಹಿಂದೆ ಸಿಕ್ಕಿಕೊಂಡಿದ್ದ ಲ್ಯಾಮಿನೇಟ್ ಹಾಳೆಯೊಂದು ಕೆಳಗೆ ಬಿತ್ತಂತೆ. ಹೊಸದಾಗಿ ಬಂದಿರುವ ಮೇಲ್ವಿಚಾರಕಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಸುಮಿಮಾಸೆನ್, ಕ್ಷಮಿಸಿ, ಇದು ನಿಮ್ಮ ಭಾಷೆಯೇ ಎಂದು ಕೇಳಿದರು. ಭಾಷೆಯೂ ನನ್ನದೇ, ಕೈಬರಹವೂ ನನ್ನದೇ. ‘ದಯವಿಟ್ಟು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಕಾನ್ರಿನಿನ್-ಸಾನ್‌ಗೆ ಸ್ಕೋರ್ ಹೇಳಬೇಡಿ.’ ಪ್ಲಾಸ್ಟಿಕ್ಕಿನ ಅಂಚು ಬಿಟ್ಟುಕೊಂಡು, ಒಳಗೆ ತೇವ ಹೋಗಿ ಅಕ್ಷರಗಳು ಹರಡಿದ್ದವು. ಮೂಲೆಯಲ್ಲಿ ಕಾನ್ರಿನಿನ್-ಸಾನ್ ಬಿಡಿಸಿದ್ದ ಪುಟ್ಟ ಟೀ ಕಪ್ಪಿನ ಚಿತ್ರ ಮಾತ್ರ ಹಾಗೇ ಇತ್ತು...

ಜಪಾನಿನಲ್ಲಿ ಅಪಾರ್ಟ್‌ಮೆಂಟ್ ನೋಡಿಕೊಳ್ಳುವವರಿಗೆ ಕಾನ್ರಿನಿನ್ ಅನ್ನುತ್ತಾರೆ, ‘ಸಾನ್’ ಮರ್ಯಾದೆಗೆ. ಗ್ಯೋಟೋಕುವಿನ ನಮ್ಮ ಕಟ್ಟಡದ ಕಾನ್ರಿನಿನ್-ಸಾನ್ ಎಪ್ಪತ್ತು ದಾಟಿದ, ಸಣಕಲು ಮೈಯ, ಸದಾ ನೆಟ್ಟಗೆ ನಿಲ್ಲುವ ಮನುಷ್ಯ. ಕೆಳಮಹಡಿಯ ಕೋಣೆಯಲ್ಲಿ ಒಬ್ಬರೇ ವಾಸವಾಗಿದ್ದರು. ಎದೆಯ ಮೇಲೆ ಹೆಸರಿನ ಬಿಲ್ಲೆ ಇದ್ದರೂ ಆ ಹೆಸರನ್ನು ನಾವ್ಯಾರೂ ಬಳಸಲಿಲ್ಲ. ನಾನು ಬಂದ ಮೊದಲ ವಾರವೇ, ತಪ್ಪು ದಿನ ಹೊರಗಿಟ್ಟ ನನ್ನ ಕಸದ ಚೀಲವನ್ನು ವಾಪಸ್ ತಂದು, ತಲೆ ಬಾಗಿಸಿ, ಕ್ಷಮೆ ಕೇಳಿ, ನನ್ನ ಕೈಗೇ ಕೊಟ್ಟು ಹೋದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೆ ಅಷ್ಟು ಮರ್ಯಾದೆಯಿಂದ ಕ್ಷಮೆ ಕೇಳುವವರ ಮೇಲೆ ರೇಗುವುದು ಹೇಗೆಂದು ಗೊತ್ತಾಗಲಿಲ್ಲ. ನನ್ನ ಉದ್ದದ ಹೆಸರು ಅವರ ನಾಲಿಗೆಯಲ್ಲಿ ಹೊರಳದೆ, ಊರಿನ ಹೆಸರು ಹಿಡಿದು ‘ಮೈಸೂರು-ಸಾನ್’ ಎಂದೇ ಕರೆಯುತ್ತಿದ್ದರು.

ನಮ್ಮ ಸ್ನೇಹ ಶುರುವಾದದ್ದು ಒಂದು ಎಡವಟ್ಟಿನಿಂದ. ಒಂದು ಶನಿವಾರ ಅವರು ಪೋಸ್ಟ್ ಡಬ್ಬಗಳನ್ನು ಒರೆಸುತ್ತಾ, ಈ ವರ್ಷ ‘ಶೋಕಾಕು’ ಖಂಡಿತ ಎಂದರು. ನನ್ನ ಜಪಾನೀಸ್ ಆಗ ಆಫೀಸಿನ ಮೇಲ್ ಓದುವಷ್ಟಿತ್ತು. ಶಿನಾಗಾವಾದ ನಮ್ಮ ಆಫೀಸಿನ ಮೇಲ್‌ಗಳಲ್ಲಿ ಶೋಕಾಕು ಅಂದರೆ ಬಡ್ತಿ. ಈ ವಯಸ್ಸಿನಲ್ಲಿ ಇವರಿಗೆ ಬಡ್ತಿ ಕೊಡುತ್ತಿದ್ದಾರಲ್ಲ ಎಂದು ಖುಷಿಪಟ್ಟು, ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಡಬ್ಬಿ ತುಂಬ ಮೈಸೂರು ಪಾಕ್ ಹಿಡಿದು ಅವರ ಕಿಟಕಿಯ ಮುಂದೆ ನಿಂತೆ. ಶೋಕಾಕುವಿಗೆ ಅಭಿನಂದನೆಗಳು ಎಂದೆ. ಅವರ ಮುಖ ಬಿಳಿಚಿಕೊಂಡಿತು. ಎರಡೂ ಕಿವಿ ಮುಚ್ಚಿಕೊಂಡು “ಮಾದಾ, ಮಾದಾ” ಎಂದರು. ಮಾದಾ ಅಂದರೆ ನಮ್ಮ ‘ಇನ್ನೂ’ ಇದ್ದ ಹಾಗೆ. ಇನ್ನೂ ಇಲ್ಲ ಅನ್ನುವುದಕ್ಕೂ ಅದೇ, ಇನ್ನೂ ಇದೆ ಅನ್ನುವುದಕ್ಕೂ ಅದೇ.

ಆಮೇಲೆ ತಿಳಿಯಿತು. ಅವರು ಕಾಯುತ್ತಿದ್ದದ್ದು ತಮ್ಮ ಬಡ್ತಿಗಲ್ಲ, ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡದ ಬಡ್ತಿಗೆ. ಎರಡನೇ ದರ್ಜೆಯ ಲೀಗಿನಿಂದ ಮೊದಲ ದರ್ಜೆಗೆ ಏರುವುದಕ್ಕೂ ಜಪಾನೀಸಿನಲ್ಲಿ ಶೋಕಾಕು ಅನ್ನುತ್ತಾರಂತೆ. ಹಿಂದಿನ ದಿನದ ಪಂದ್ಯವನ್ನು ಭಾನುವಾರ ಬೆಳಿಗ್ಗೆ ಏಳೂವರೆಗೆ ಕಂಪ್ಯೂಟರಿನಲ್ಲಿ ನೋಡುವುದು ಅವರ ಪದ್ಧತಿ. ನೋಡಿ ಮುಗಿಸುವವರೆಗೆ ಸ್ಕೋರ್ ಕಿವಿಗೆ ಬೀಳಬಾರದು. ಆಟ ಅರ್ಧದಲ್ಲಿರುವಾಗ ಸಿಹಿ ಹಿಡಿದು ಅಭಿನಂದಿಸಲು ಬಂದವಳನ್ನು ಕಂಡರೆ ಇನ್ನೇನು ಅಂದುಕೊಳ್ಳಬೇಕು? ನಾನು ನಾಚಿಕೆಯಿಂದ ಹಿಡಿಯಷ್ಟಾಗಿ, ನಮ್ಮ ಭಾಷೆಯಲ್ಲಿ ಪ್ರಮೋಷನ್‌ಗೆ ಬಡ್ತಿ ಎನ್ನುತ್ತಾರೆ, ಅದು ಆಫೀಸಿನಲ್ಲಷ್ಟೇ ಸಿಗುವುದು ಎಂದು ವಿವರಿಸಿದೆ. ಅವರು ಆ ಪದವನ್ನು ಬಾಯೊಳಗೆ ಎರಡು ಸಲ ತಿರುಗಿಸಿದರು. ಬಾಡೊತಿ... ಬ್ಯಾಡ್ ಟೀ. ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗುವಿಗೂ ಒಂದು ಕಾರಣವಿತ್ತು. ಯೌವನದಲ್ಲಿ ಕಂಪನಿ ಅವರನ್ನು ಯಂತ್ರ ಜೋಡಿಸುವ ಕೆಲಸಕ್ಕೆ ಉತ್ತರ ಇಂಗ್ಲೆಂಡಿನ ಒಂದು ಊರಿಗೆ ಕಳಿಸಿತ್ತು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ಯಾರಾದರೂ ನನಗೆ ಫೋನ್ ಮಾಡಿ ಸ್ಕೋರ್ ಹೇಳಿಬಿಡುತ್ತಾರೆ. ಮೂರು ವರ್ಷ ಅಲ್ಲಿದ್ದರು. ಮಾತು ಬಾರದು, ಊಟ ಸೇರದು, ಮನೆಯೊಡತಿ ಕೊಡುತ್ತಿದ್ದ ಟೀ ಬಾಯಿಗಿಡುವಂತಿರಲಿಲ್ಲ. ಶನಿವಾರ ಮಾತ್ರ ಮನೆಯ ಯಜಮಾನ ಅವರನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಭಾಷೆ ಬೇಕಿರಲಿಲ್ಲ, ಎಲ್ಲರೂ ಕೂಗುವಾಗ ಕೂಗಿದರಾಯಿತು. ಅವರು ಜಪಾನಿಗೆ ಮರಳಿದ ಮೇಲೆ ತಂಡ ಕೆಳಗಿನ ದರ್ಜೆಗೆ ಬಿತ್ತು. ಒಮ್ಮೆ ಅದಕ್ಕೂ ಕೆಳಗೆ ಹೋಯಿತು. ಮೊದಲ ದರ್ಜೆಗೆ ಏರಿದ್ದನ್ನು ಅವರು ಆಮೇಲೆ ನೋಡಲೇ ಇಲ್ಲ. ಬೇರೆ ತಂಡ ಆರಿಸಿಕೊಳ್ಳಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, ಕಸದ ಚೀಲ ವಾಪಸ್ ಕೊಟ್ಟಾಗಿನ ಅದೇ ಮುಖ ಮಾಡಿಕೊಂಡರು.

ಅವರ ಪದ್ಧತಿಗೆ ದೊಡ್ಡ ಕಂಟಕ ಮೂರನೇ ಮಹಡಿಯಲ್ಲಿದ್ದ ಬೆಂಗಳೂರಿನ ಹುಡುಗರು. ಲಿಫ್ಟಿನಲ್ಲೇ ಗಟ್ಟಿಯಾಗಿ ಇಂಗ್ಲೆಂಡಿನ ಎಲ್ಲ ಸ್ಕೋರುಗಳನ್ನೂ ಚರ್ಚೆ ಮಾಡುತ್ತಿದ್ದರು. ಅವರಿಗಾಗಿಯೇ ನಾನು ಈ ನೋಟಿಸು ಬರೆದುಕೊಟ್ಟದ್ದು. ಅದನ್ನು ಓದಿದ ಒಬ್ಬ ನನ್ನನ್ನು ತಡೆದು ಕೇಳಿದ: “ಮೇಡಂ, ಸೆಕೆಂಡ್ ಡಿವಿಷನ್ ಸ್ಕೋರ್ ಈ ಬಿಲ್ಡಿಂಗಲ್ಲಿ ಆ ತಾತನ್ ಬಿಟ್ಟು ಇನ್ಯಾರಿಗ್ ಬೇಕು ಹೇಳಿ?” ಆ ತಾತನಿಗೆ ಬೇಕಲ್ಲ, ಅದಕ್ಕೇ ಸುಮ್ಮನಿರಿ ಎಂದೆ.

ಇನ್ನೊಂದು ತೊಂದರೆಯಿತ್ತು. ಆಟದ ವೀಡಿಯೊ ಇರುವ ಪುಟದ ನೆತ್ತಿಯ ಮೇಲೇ ಸ್ಕೋರ್ ರಾರಾಜಿಸುತ್ತಿತ್ತು. ಕಣ್ಣು ಅರೆ ಮುಚ್ಚಿಕೊಂಡು ತೆರೆಯಲು ಹೋಗಿ ಎಷ್ಟೋ ಭಾನುವಾರಗಳನ್ನು ಕೆಡಿಸಿಕೊಂಡಿದ್ದರಂತೆ. ಹೀಗಾಗಿ ಪುಟ ತೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ನಾನು ಪರದೆಯ ಮೇಲ್ತುದಿಗೆ ರಟ್ಟಿನ ಪಟ್ಟಿ ಅಂಟಿಸಿ, ಆಟವನ್ನು ಆರಂಭಕ್ಕೆ ತಂದು ನಿಲ್ಲಿಸುತ್ತಿದ್ದೆ. ಕಷ್ಟವಿದ್ದದ್ದು ನನ್ನ ಮುಖದಲ್ಲಿ. ಫಲಿತಾಂಶ ನನಗೆ ಗೊತ್ತಿರುತ್ತಿತ್ತು, ಮುಚ್ಚಿಟ್ಟುಕೊಳ್ಳುವ ಕಲೆ ನನಗೆ ಹುಟ್ಟಿನಿಂದ ಬಂದಿಲ್ಲ. ಕೊರೊನಾ ಬಂದು ಎಲ್ಲರೂ ಮಾಸ್ಕ್ ಹಾಕಿಕೊಂಡ ಮೇಲೆ ಸ್ವಲ್ಪ ಸುಧಾರಿಸಿತು. ಆಗಲೂ ಅವರು ನನ್ನ ಹುಬ್ಬು ನೋಡದಂತೆ ತಲೆ ತಗ್ಗಿಸಿಕೊಂಡೇ ಕುರ್ಚಿಯಲ್ಲಿ ಕೂರುತ್ತಿದ್ದರು. ಗೆದ್ದ ದಿನ ನನಗೆ ಟೀ ಕೊಟ್ಟು, ಕಪ್ಪೆತ್ತಿ “ಬ್ಯಾಡ್ ಟೀ” ಅನ್ನುತ್ತಿದ್ದರು.

ಕೊರೊನಾ ಬಂದ ಆ ವರ್ಷ ತಂಡ ಎರಡನೇ ಸ್ಥಾನದಲ್ಲಿತ್ತು. ಮೊದಲೆರಡು ತಂಡಗಳು ನೇರವಾಗಿ ಮೇಲೇರುತ್ತವೆ. ಇನ್ನು ಕೆಲವೇ ಪಂದ್ಯಗಳಿದ್ದಾಗ ಕೊರೊನಾದಿಂದ ಎಲ್ಲ ನಿಂತಿತು. ವಾರಗಳು ಕಳೆದಂತೆ ಇಂಗ್ಲೆಂಡಿನಲ್ಲಿ ಕೆಲವರು ಇಡೀ ಸೀಸನ್ನಿಗೇ ಎಳ್ಳುನೀರು ಬಿಡಬೇಕು, ಆಡಿದ್ದೆಲ್ಲ ಲೆಕ್ಕಕ್ಕಿಲ್ಲ ಅನ್ನತೊಡಗಿದರು. ಅಲ್ಲಿಯವರೆಗೆ ಕಾನ್ರಿನಿನ್-ಸಾನ್ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಲಿಫ್ಟಿನ ಗುಂಡಿಗಳಿಗೆ ಸ್ಯಾನಿಟೈಸರ್ ಒರೆಸುತ್ತಿದ್ದವರು ಬಟ್ಟೆಯನ್ನು ಬಕೆಟ್ಟಿಗೆ ಎಸೆದರು. ಮಳೆಯಲ್ಲಿ, ಹಿಮದಲ್ಲಿ, ಮುರಿದ ಕಾಲಲ್ಲಿ ಆಡಿದ್ದಾರೆ, ಅದು ಆಗಿಯೇ ಇಲ್ಲ ಅನ್ನಲು ಇವರು ಯಾರು ಎಂದು ನನ್ನನ್ನೇ ಕೇಳಿದರು, ನಾನೇ ರದ್ದು ಮಾಡಿದವಳೆಂಬಂತೆ.

ಅದೇ ತಿಂಗಳು ನನ್ನ ಬಡ್ತಿಗೂ ಅದೇ ಗತಿಯಾಯಿತು. ಕೊಟ್ಟಾಯಿತು ಎಂದು ಮೊದಲೇ ಹೇಳಿದ್ದ ನಮ್ಮ ಕಂಪನಿಯ ಬೆಂಗಳೂರು ಆಫೀಸಿನ ಮ್ಯಾನೇಜರು ವೀಡಿಯೊ ಕಾಲ್‌ನಲ್ಲಿ, “ಈ ಇಯರ್ ಎಲ್ರಿಗೂ ವಾಶ್‌ಔಟ್ ಅನ್ಕೊಂಡ್ಬಿಡಿ, ನೆಕ್ಸ್ಟ್ ಸೈಕಲ್ ನೋಡೋಣ” ಎಂದರು. ನಾನು ಸರಿ ಸಾರ್ ಎಂದು ಫೋನಿಟ್ಟು, ಕೆಳಗೆ ಹೋಗಿ ಕಾನ್ರಿನಿನ್-ಸಾನ್ ಮುಂದೆ ಕಣ್ಣೀರು ಹಾಕಿದೆ. ಅವರು ಸಮಾಧಾನ ಹೇಳಲಿಲ್ಲ. ನೀವು ಆಡಿದ ಆಟ ನೀವು ಆಡಿದ್ದೇ, ಹಾಗೆಂದು ಬರೆದು ಕಳಿಸಿ ಎಂದು ತಮ್ಮ ಮೇಜಿನಲ್ಲೇ ಜಾಗ ಮಾಡಿಕೊಟ್ಟರು. ಆ ವರ್ಷ ಮಾಡಿದ ಕೆಲಸವನ್ನೆಲ್ಲ ಪಟ್ಟಿ ಮಾಡಿ, ನನ್ನ ವರ್ಷ ವಾಶ್‌ಔಟ್ ಆಗಿಲ್ಲ, ಈ ಅಪ್ರೈಸಲ್‌ಗೆ ಸಹಿ ಹಾಕುವುದಿಲ್ಲ ಎಂದು ಬರೆದೆ. ಬಡ್ತಿ ಬಂದದ್ದು ಮರು ವರ್ಷವೇ. ಸಹಿ ಮಾತ್ರ ನಾನು ಹಾಕಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಲ್ಲಿ ಆಟ ಮತ್ತೆ ಆರಂಭವಾಯಿತು. ಮೈದಾನದೊಳಗೆ ಜನ ಬರುವಂತಿರಲಿಲ್ಲ. ಅಭಿಮಾನಿಗಳು ಫೋಟೋ ಕಳಿಸಿದರೆ ಅದನ್ನು ಆಳೆತ್ತರದ ರಟ್ಟಿನ ಮೇಲೆ ಅಚ್ಚು ಹಾಕಿ ಖಾಲಿ ಕುರ್ಚಿಗಳಲ್ಲಿ ನಿಲ್ಲಿಸುವುದಾಗಿ ಕ್ಲಬ್ಬಿನವರು ಪ್ರಕಟಿಸಿದರು. ಕಾನ್ರಿನಿನ್-ಸಾನ್ ಕೆಲಸದ ಸಮವಸ್ತ್ರ, ಟೋಪಿ, ಟೈ ಎಲ್ಲ ಧರಿಸಿ ನೋಟಿಸ್ ಬೋರ್ಡಿನ ಮುಂದೆ ನಿಂತರು. ನಾನು ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ನಗಿ ಎಂದರೆ ಮಾದಾ ಎಂದರು. ಆಮೇಲಿನ ಪಂದ್ಯಗಳಲ್ಲಿ ಚೆಂಡು ಎಲ್ಲಿದೆ ಅನ್ನುವುದಕ್ಕಿಂತ ಅವರು ಎಲ್ಲಿದ್ದಾರೆ ಅನ್ನುವುದನ್ನೇ ನಾವಿಬ್ಬರೂ ಹುಡುಕುತ್ತಿದ್ದೆವು. ಎಡಗಡೆಯ ಗೋಲಿನ ಹಿಂದೆ, ಮೂರನೇ ಸಾಲಿನಲ್ಲಿ ಸಿಕ್ಕರು.

ಕೊನೆಯ ಪಂದ್ಯದ ವಾರ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಕೊರೊನಾ ಅಲ್ಲ, ಹೃದಯದ ತೊಂದರೆ, ಆಸ್ಪತ್ರೆಗೆ ಸೇರಲೇಬೇಕೆಂದು ಡಾಕ್ಟರು ಹೇಳಿದರು. ಗುರುವಾರದ ಕಸವನ್ನು ಹೊರಗಿಟ್ಟು, ಮೆಟ್ಟಿಲು ಗುಡಿಸಿ, ಟ್ಯಾಕ್ಸಿ ಹತ್ತುವ ಮೊದಲು ಕೋಣೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಭಾನುವಾರ ಪುಟ ತೆರೆದು, ಪಟ್ಟಿ ಅಂಟಿಸಿ, ಆಟ ಆರಂಭಕ್ಕೆ ತಂದು ಇಡಬೇಕು, ತಾವು ಬಂದು ನೋಡುವುದಾಗಿ ಹೇಳಿದರು. ಗೆದ್ದರೆ ಬಡ್ತಿ, ಇಲ್ಲದಿದ್ದರೆ ಇಲ್ಲ. ಆಸ್ಪತ್ರೆಯೊಳಗೆ ಭೇಟಿಗೆ ಯಾರನ್ನೂ ಬಿಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ನಿಂತುಕೊಂಡೇ ಪುಟ ತೆರೆದೆ. ತಂಡ ಗೆದ್ದಿತ್ತು. ಮೇಲೇರಿತ್ತು. ನಾನು ಒಬ್ಬಳೇ ಆ ಕೋಣೆಯಲ್ಲಿ ಅತ್ತೆ, ಆಮೇಲೆ ನಕ್ಕೆ, ಆಮೇಲೆ ಹೇಳಿದ ಹಾಗೆ ಪಟ್ಟಿ ಅಂಟಿಸಿದೆ.

ಮಧ್ಯಾಹ್ನ ಆಸ್ಪತ್ರೆಯಿಂದ ಅವರ ಫೋನ್ ಬಂತು. ಹಲೋ ಎನ್ನುವ ಮೊದಲೇ, ಹೇಳಬೇಡಿ ಎಂದರು. ಸೋಮವಾರವೂ ಹೇಳಬೇಡಿ ಎಂದರು. ಮಂಗಳವಾರ ದನಿ ತೀರಾ ಸಣ್ಣಗಾಗಿತ್ತು. ನನಗೆ ಸಂಕಟವಾಗತೊಡಗಿತು. ಹೇಳಿದರೆ, ಅವರು ವಾಪಸ್ ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಹೇಳದಿದ್ದರೆ, ಅಷ್ಟು ವರ್ಷ ಕಾದವರು ತಿಳಿಯದೆಯೇ ಹೊರಟುಬಿಟ್ಟರೆ... ಬುಧವಾರ ಏನಾದರಾಗಲಿ ಹೇಳಿಯೇಬಿಡುತ್ತೇನೆ ಎಂದು ಫೋನಿನ ಮುಂದೆ ಕೂತಿದ್ದೆ. ಅವರು ಬೇರೆಯೇ ಮಾತು ತೆಗೆದರು. ಇಲ್ಲಿನ ಟೀ ನೀರಿನ ಹಾಗಿದೆ ಎಂದರು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಕೇಳಿದರು:

“ಮೈಸೂರು-ಸಾನ್, ನಿಮ್ಮ ಮನೆಯ ಟೀ ಹೇಗಿದೆ?”



“ಬ್ಯಾಡ್ ಟೀ,” ಎಂದೆ. “ತುಂಬಾ, ತುಂಬಾ ಬ್ಯಾಡ್ ಟೀ, ಕಾನ್ರಿನಿನ್-ಸಾನ್.”

ಆ ಕಡೆ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಕೇಳಿತು. ಅವರು ಮೂಗು ಎಳೆದುಕೊಂಡದ್ದೂ ಕೇಳಿತು. ಆಮೇಲೆ ಕಸದ ಚೀಲ ವಾಪಸ್ ಕೊಟ್ಟಾಗಿನ ದನಿಯಲ್ಲಿ, ನೀವು ಸ್ಕೋರ್ ಹೇಳಲಿಲ್ಲ ತಾನೇ ಎಂದು ಕೇಳಿದರು. ಇಲ್ಲ, ಹೇಳಲಿಲ್ಲ ಎಂದೆ.

“ಹಾಗಾದರೆ ನೋಟಿಸ್ ತೆಗೆಯಬೇಡಿ. ನಾನಿನ್ನೂ ಆಟ ನೋಡಿಲ್ಲ.”

ಮುಂದಿನ ವಾರ ಅವರು ತೀರಿಕೊಂಡರು. ಆಗಿನ ನಿಯಮದಂತೆ ದೂರದ ಊರಿನಿಂದ ಬಂದ ಸೋದರಳಿಯನೊಬ್ಬನೇ ಎಲ್ಲ ಮುಗಿಸಿದ. ಕೊನೆಯ ಸಲ ಕೈ ಮುಗಿಯಲು ಕೂಡ ನಮಗೆ ಅವಕಾಶ ಸಿಗಲಿಲ್ಲ. ಆ ವರ್ಷದ ಮೇಲೆ ನನಗಿರುವ ಸಿಟ್ಟು ಇಂದಿಗೂ ಇಳಿದಿಲ್ಲ. ಕೀಲಿ ಹಿಂದಿರುಗಿಸುವ ಮೊದಲು ನಾನು ಅವರ ಕುರ್ಚಿಯಲ್ಲೇ ಕೂತು ಆ ಪಂದ್ಯವನ್ನು ಪೂರ್ತಿ ನೋಡಿದೆ. ಎಡಗಡೆಯ ಗೋಲಿನ ಹಿಂದೆ, ಮೂರನೇ ಸಾಲಿನಲ್ಲಿ, ಟೋಪಿ ಹಾಕಿಕೊಂಡು ಅವರು ನಿಂತಿದ್ದರು. ಮಳೆಗೆ ಅಕ್ಕಪಕ್ಕದ ರಟ್ಟಿನ ಜನವೆಲ್ಲ ಬಾಗಿಹೋಗಿತ್ತು. ಇವರು ನೆಟ್ಟಗಿದ್ದರು. ಗೋಲು ಬಿದ್ದದ್ದು ಅದೇ ಬದಿಯಲ್ಲಿ. ಆಟಗಾರರು ಕೈ ಚಾಚಿಕೊಂಡು ಆ ಸಾಲಿನ ಕಡೆಗೇ ಓಡಿದರು. ಅವರು ಅಲ್ಲಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಸಿದ್ಧ.

ತಂಡ ಮೇಲೆ ಬಹಳ ಕಾಲ ಉಳಿಯಲಿಲ್ಲ. ಈಗ ಮತ್ತೆ ಎರಡನೇ ದರ್ಜೆಯಲ್ಲಿದೆ, ಮತ್ತೆ ಏರಲು ಒದ್ದಾಡುತ್ತಿದೆ. ಮೂರನೇ ಮಹಡಿಯ ಹುಡುಗರು ಬೆಂಗಳೂರಿಗೆ ವಾಪಸ್ ಹೋಗಿದ್ದಾರೆ. ಈ ಕಟ್ಟಡದಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ.

ಹೊಸ ಮೇಲ್ವಿಚಾರಕಿಗೆ ಇಷ್ಟೆಲ್ಲ ಹೇಳಲಿಲ್ಲ. ಹಾಳೆಯಲ್ಲಿ ಏನು ಬರೆದಿದೆ ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿ, ಎಸೆಯಲೋ ಬೇಡವೋ ಎಂದು ತಿಳಿಯದೆ, ಇದು ‘ಮಾದಾ’ ಬೇಕೇ ಎಂದು ಕೇಳಿದರು. ಮಾದಾ ಎಂದೆ. ಹೊಸ ಬೋರ್ಡು ಬಂದ ಮೇಲೆ ಮೊದಲಿದ್ದ ಜಾಗಕ್ಕೇ ಹಾಕಿಸಿದ್ದೇನೆ.

ನಾಳೆ ಭಾನುವಾರ. ನಾನು ಗೋಡೆಯ ಕಡೆ ತಿರುಗಿ ನಿಂತರೆ ಪುಟ ತೆರೆದುಕೊಡುವವರು ಯಾರೂ ಇಲ್ಲ. ಕಣ್ಣು ಅರೆ ಮುಚ್ಚಿಕೊಂಡು ನಾನೇ ತೆರೆಯಬೇಕು.