ಸಾವ್ಕಾರನ ಹಿಮ್ಮಡಿ

ಅಂದು ಬೆಳಿಗ್ಗೆ ಕಸ ಹೊಡೆಯುವಾಗ ಸಾವ್ಕಾರ ಜಾಗ ಬಿಟ್ಟು ಏಳಲಿಲ್ಲ. ಪೊರಕೆ ತಾಗಿಸಿದೆ. ಊಹುಂ. ಎತ್ತಿ ನೋಡಿದರೆ ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲೇ ಇಲ್ಲ, ಕೆಂಪಗೆ ಹುಣ್ಣು.

ಸಾವ್ಕಾರ ನಮ್ಮ ಮನೆಯ ಮೊಲ. ನನ್ನ ಗಂಡ ತಂದಾಗ ಅಂಗೈಯಲ್ಲಿ ಹಿಡಿಸುತ್ತಿದ್ದ. ದೊಡ್ಡ ಜಾತಿಯದಂತೆ, ಬೆಳೆಯುತ್ತಲೇ ಹೋದ. ಕೂತು ಉಣ್ಣುವ ಗತ್ತು ನೋಡಿ ಅತ್ತೆಯೇ ಆ ಹೆಸರಿಟ್ಟರು. ಆಮೇಲೆ ಬಹುವಚನದಲ್ಲೇ ಮಾತಾಡಿಸತೊಡಗಿದರು. ಸೊಸೆಗೆ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಬುಟ್ಟಿಯಲ್ಲಿಟ್ಟುಕೊಂಡು ಗಜೇಂದ್ರಗಡದ ದನದ ದವಾಖಾನೆಗೆ ಓಡಿದೆ. ಎಮ್ಮೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಇಣುಕಿದರು.

“ಇದು ಹಾಲ ಕೊಡತೈತೇನ್ರಿ?”

“ಇಲ್ರಿ.”

“ಮತ್ತ ಯಾಕ ಸಾಕೀರಿ?”

ಅಷ್ಟರಲ್ಲಿ ಡಾಕ್ಟರ್ ಕರೆದರು.

“ಪ್ರೆಶರ್ ಸೋರ್ ಆಗೇತ್ರಿ. ಮೈ ಭಾರ, ಕೆಳಗ ಗಟ್ಟಿ ನೆಲ. ಕುಂತಲ್ಲೇ ಕುಂತ್ರ ಮತ್ತೇನಾಕ್ಕೈತಿ? ಇನ್ಫೆಕ್ಷನ್ ಎಲುಬಿಗೆ ಇಳಿದ್ರ ಕಾಲ ಉಳಿಯಂಗಿಲ್ಲ.”

ಕಾಲು ಹೋದರೆ ಮೊಲದಲ್ಲಿ ಉಳಿಯುವುದೇನು?

ನಮ್ಮದು ನುಣುಪು ಕಲ್ಲಿನ ನೆಲ. ಅತ್ತೆ ಒರೆಸಿ ಅದು ಆರುವ ಮೊದಲೇ ಸಾವ್ಕಾರ ಹೋಗಿ ತಂಪಿಗೆ ಕೂರುತ್ತಿದ್ದ. ಇನ್ನು ಮೆತ್ತನೆಯ ಹಾಸಿಗೆ ಬೇಕು, ಒದ್ದೆಯಾದೊಡನೆ ಬದಲಿಸಬೇಕು, ದಿನಾ ಡ್ರೆಸ್ಸಿಂಗ್ ಮಾಡಬೇಕು ಎಂದರು ಡಾಕ್ಟರ್. ಊಟಕ್ಕೆ ಒಣಹುಲ್ಲು, ಸೊಪ್ಪು. ರೊಟ್ಟಿ, ಶೇಂಗಾ, ಬೆಲ್ಲ ಬಂದ್.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ, ಕೊನೆಯ ಮಾತಿಗೆ ಅತ್ತೆ ರೊಟ್ಟಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. “ನಮ್ಮ ಮನ್ಯಾಗ ಯಾರನ್ನೂ ಅರೆಹೊಟ್ಟಿ ಮಲಗಿಸಿಲ್ಲವಾ.”

ಡ್ರೆಸ್ಸಿಂಗ್ ಎಂದರೆ ದಿನಾ ಒಂದು ಕುಸ್ತಿ. ಬ್ಯಾಂಡೇಜ್ ಸಡಿಲವಾದರೆ ಕಳಚುತ್ತದೆ, ಬಿಗಿಯಾದರೆ ರಕ್ತ ಓಡುವುದಿಲ್ಲ. ಸಾವ್ಕಾರನಿಗೆ ಎರಡೂ ಒಗ್ಗಲಿಲ್ಲ. ಒದ್ದ. ನನ್ನ ಗಂಡನ ಕನ್ನಡಕ ಹಾರಿತು.

ಹಾಸಿಗೆಯ ಜವಾಬ್ದಾರಿ ಅತ್ತೆ ಹೊತ್ತರು. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಬದಲಿಸಲು ಬೇಕೆಂದು ಒಂದಾದ ಮೇಲೊಂದು ಪುಟ್ಟ ಕೌದಿ ಹೊಲಿದರು. ನನ್ನ ಬಾಣಂತನಕ್ಕೂ ಹೊಸ ಕೌದಿ ಬಂದಿರಲಿಲ್ಲ.

ಆದರೂ ಹುಣ್ಣು ಒಣಗಲೊಲ್ಲದು. ತೂಕ ಇಳಿಯಲೊಲ್ಲದು. ಬರೀ ಹುಲ್ಲು ತಿಂದು ಹೀಗೆ ದುಂಡಗಿರುವುದು ಹೇಗೆ? ಒಳಗೆ ಬೇರೆ ಏನೋ ರೋಗವಿದೆ ಎಂದು ಹೆದರಿ ನನಗೆ ಊಟ ಸೇರದಾಯಿತು.

ಒಂದು ಮಧ್ಯಾಹ್ನ ಒಗೆದ ಕೌದಿ ಹಾಸಿದೆ. ಸಾವ್ಕಾರ ನೆಟ್ಟಗೆ ಅದರ ಒಂದು ಮೂಲೆಗೆ ಹೋಗಿ ದಾರ ಕಡಿಯತೊಡಗಿದ. ಕಸಿದುಕೊಂಡು ಬಿಚ್ಚಿದೆ.

ಒಳಗೆ ಕಾಲು ರೊಟ್ಟಿ, ಬೆಲ್ಲ.

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ತುಸು ರೊಟ್ಟಿ ಇಟ್ಟು ಹೊಲಿಯುವುದು ಅತ್ತೆಯ ತವರಿನ ಪದ್ಧತಿ. ಅವರ ಕೈ ಧಾರಾಳ. ಒಗೆದಾಗಲೆಲ್ಲ ಮೂಲೆ ಹರಿದಿದೆ ಎಂದು ಮತ್ತೆ ತುಂಬಿ ಹೊಲಿಯುತ್ತಿದ್ದರು.

“ಅತ್ತಿ, ಏನ ಮಾಡೀರಿ ಇದು?”

“ಅದು ಕೌದಿಗೆ ಇಟ್ಟದ್ದು. ಅವರಿಗಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಕಾಲ ಹೋದ ಮ್ಯಾಲ ಅದ ಕೌದಿ ಹೊದಿಸಿ ಕುಂಡ್ರಸ್ರಿ” ಎಂದುಬಿಟ್ಟೆ. ಸಂಜೆ ನೋಡಿದರೆ ಅತ್ತೆ ಎಲ್ಲ ಕೌದಿಗಳ ಮೂಲೆ ಬಿಚ್ಚಿ, ಒಣಹುಲ್ಲು ತುಂಬಿ ಹೊಲಿಯುತ್ತಿದ್ದರು. “ಕೌದಿಗೂ ಪಥ್ಯ” ಎಂದರು, ನನ್ನ ಮುಖ ನೋಡದೆ.

ಈಗ ಹುಣ್ಣು ಮಾಯ್ದು ತೆಳು ಚರ್ಮ ಬಂದಿದೆ. ಕೂದಲು ಬಂದಿಲ್ಲ, ಬರದೆಯೂ ಇರಬಹುದಂತೆ. ಮರುಕಳಿಸುವ ರೋಗ, ದಿನಾ ಪಾದ ನೋಡುತ್ತಿರಿ ಎಂದಿದ್ದಾರೆ ಡಾಕ್ಟರ್. ನೋಡುತ್ತೇನೆ. ಗೆದ್ದೆವು ಎನ್ನಲು ಧೈರ್ಯವಿಲ್ಲ, ಆದರೆ ಜೀವ ಹಗುರಾಗಿದೆ.

ಮೊನ್ನೆ ಅತ್ತೆ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು. ಸಾವ್ಕಾರ ಎದ್ದ. ಹಿಂಗಾಲನ್ನು ಪೂರ್ತಿ ಊರಿ, ಕುಂಟದೆ, ಕುಪ್ಪಳಿಸುತ್ತ ಹೋಗಿ ತಟ್ಟೆಯ ಮುಂದೆ ನಿಂತ. ಅತ್ತೆ ಅವನ ಕಾಲು ನೋಡಿದರು, ಕೈಯಲ್ಲಿದ್ದ ರೊಟ್ಟಿ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಕೂತರು.

“ಹಂಗ ನೋಡಬ್ಯಾಡ್ರಿ ಸಾವ್ಕಾರ್ರ. ನನಗ ನುಂಗಾಕ ಆಗವಲ್ದು.”