ಹನ್ನೆರಡು ಹೆಬ್ಬೆಟ್ಟುಗಳು

ಇದು ಹೋದ ವರ್ಷದ ಮಾತು. ಮಧುಗಿರಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ನಾನು ರಜೆ ಹಾಕಿ ಎಂ.ಎಡ್. ಓದುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಆಡುವ ಆಟಗಳ ಬಗ್ಗೆ ತಂದೆತಾಯಿಯರ ಮನೋಭಾವವೇನು ಎಂಬುದು ನನ್ನ ಪ್ರಬಂಧದ ವಿಷಯ. ಗ್ರಂಥಾಲಯದಲ್ಲಿ ಕೂತು ಹಿಂದಿನವರು ಬರೆದದ್ದನ್ನೆಲ್ಲ ಓದಿದೆ. ನನ್ನ ಕೈಗೆ ಸಿಕ್ಕವೆಲ್ಲ ಪಟ್ಟಣದ ಮಕ್ಕಳವು. ಆಡಿದರೆ ಅಂಕ ಏರುತ್ತದೋ ಇಳಿಯುತ್ತದೋ ಅನ್ನುವುದೇ ಅವರೆಲ್ಲರ ತಲೆಬಿಸಿ. ಹಳ್ಳಿಯ ಅಪ್ಪ ಅಮ್ಮನನ್ನು ಕೇಳಿದವರು ಕಾಣಲಿಲ್ಲ. ಕೇಳುವವಳು ನಾನೇ ಎಂದು ಬೀಗಿದೆ.

ನಲವತ್ತು ಹೇಳಿಕೆಗಳ ಹಾಳೆ ತಯಾರಾಯಿತು. ಪ್ರತಿಯೊಂದರ ಮುಂದೆ 'ಪೂರ್ಣ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ ಐದು ಮನೆ, ಒಂದಕ್ಕೆ ಗುರುತು ಹಾಕಬೇಕು. ಮಧುಗಿರಿ, ಕೊರಟಗೆರೆ ಬೇಗ ಮುಗಿದವು. ಪಾವಗಡದಲ್ಲಿ ಒಬ್ಬ ತಾಯಿ ಹಾಳೆ ಮುಟ್ಟದೆಯೇ ಅಲ್ಲಿಯ ತೆಲುಗು ಬೆರೆಸಿ, "ಆಟಲೆಂದುಕಮ್ಮಾ, ಆಟ ಯಾಕೆ, ಓದ್ಲಿ ಸಾಕು" ಎಂದು ಒಂದೇ ಮಾತಿನಲ್ಲಿ ನನ್ನ ನಲವತ್ತನ್ನೂ ಮುಗಿಸಿಬಿಟ್ಟರು. ಉಳಿದದ್ದು ಶಿರಾ ತಾಲ್ಲೂಕು. ಪಟ್ಟನಾಯಕನಹಳ್ಳಿ ಕಡೆಯ ಒಂದು ಶಾಲೆಗೆ ಹೋದೆ. ಅಲ್ಲಿ ಕುರಿ ಕಾಯುವ ಮನೆಗಳ ಮಕ್ಕಳು ಬಹಳ. ಅವರ ಅಪ್ಪ ಅಮ್ಮನಿಗೆ ಓದು ಬಾರದು ಎಂದುಕೊಂಡು, ಹಾಳೆಗಳ ಜೊತೆ ಒಂದು ಇಂಕ್ ಪ್ಯಾಡನ್ನೂ ಮಕ್ಕಳ ಕೈಗೆ ಕೊಟ್ಟು, "ನೀವೇ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ" ಎಂದೆ. ಆಗ ಅದು ನನಗೆ ದೊಡ್ಡ ಮುಂದಾಲೋಚನೆ ಎನಿಸಿತ್ತು.

ಹನ್ನೆರಡು ಹಾಳೆಗಳು ಹೆಬ್ಬೆಟ್ಟು ಹೊತ್ತು ಬಂದವು. ಅದರಲ್ಲಿ ಒಂಬತ್ತನೇ ತರಗತಿಯ ರಂಜಿತಾಳದ್ದು ಎಲ್ಲಕ್ಕಿಂತ ಚೆಂದ. (ಹೆಸರು ಬದಲಿಸಿದ್ದೇನೆ.) ಅವಳು ಶಾಲೆಯ ಖೊಖೊ ತಂಡದವಳು. ಆಟದ ಪರವಾಗಿದ್ದ ಪ್ರತಿ ಹೇಳಿಕೆಗೂ ಅವಳ ಅಪ್ಪನ ಗುರುತು 'ಪೂರ್ಣ ಒಪ್ಪುತ್ತೇನೆ'! ಇಂಥ ತಂದೆಯನ್ನು ಮಾತಾಡಿಸದೆ ಪ್ರಬಂಧ ಮುಗಿಸುವುದೇ? ಶಾಲೆಯಲ್ಲಿ ವಿಚಾರಿಸಿದರೆ, ಆತ ಕುರಿ ಹೊಡೆದುಕೊಂಡು ತೋವಿನಕೆರೆ ಕಡೆ ಹೋಗಿ ತಿಂಗಳಾಯಿತು ಎಂದರು. ಹಾಳೆ ಕೊಟ್ಟು ವಾರವಷ್ಟೇ ಆಗಿತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಲೆಕ್ಕದ ಟೀಚರ್ ನಾನು!

ಮರುದಿನವೇ ಸ್ಕೂಟರ್ ಹತ್ತಿದೆ. ತೋವಿನಕೆರೆ ಹತ್ತಿರ ರೈತರೊಬ್ಬರು ಗೊಬ್ಬರವಾಗಲಿ ಎಂದು ತಮ್ಮ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡಿದ್ದರು. ಆ ಹೊಲದ ಬದುವಿನ ಮೇಲೆ ರಂಜಿತಾಳ ಅಪ್ಪ ಈರಣ್ಣ ಕೂತಿದ್ದರು. ಮಗಳ ಶಾಲೆಯಿಂದ ಬಂದೆ ಎಂದ ಕೂಡಲೇ ಎದ್ದು ನಿಂತು, ಹೆಗಲ ಮೇಲಿದ್ದ ಕಂಬಳಿ ಹಾಸಿ ಕೂರಿಸಿದರು.

"ನಿಮ್ಮ ಮಗಳು ದಿನಾ ಆರು ಗಂಟೆವರೆಗೆ ಖೊಖೊ ಆಡ್ತಾಳಲ್ಲ, ನಿಮಗೆ ಅದು ಇಷ್ಟ ಅಂತ ಬರೆದಿದ್ದೀರಿ. ಯಾಕೆ ಅಂತ ಹೇಳ್ತೀರಾ?" ಎಂದು ಪೆನ್ನು ತೆಗೆದೆ.

"ಯಾವ ಆಟ? ಐದರಗಂಟ ಸ್ಪೆಷಲ್ ಕ್ಲಾಸು ಅಂದಿದ್ಲಲ್ಲಾ?"

ಈರಣ್ಣ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ಹೌದು, ಓದತೊಡಗಿದರು. ಕೊನೆಯಲ್ಲಿದ್ದ ನೀಲಿ ಗುರುತಿನ ಹತ್ತಿರ ಬೆರಳು ನಿಂತಿತು.

"ನಾನು ಏಳ್ನೇ ಕ್ಲಾಸ್ ಓದಿವ್ನಿ ಮೇಡಮ್ಮೋರೆ. ರುಜು ಹಾಕ್ತೀನಿ. ಹೆಬ್ಬೆಟ್ಟು ಯಾಕೆ ಒತ್ಲಿ?"

ಮಗಳನ್ನು ಬಯ್ಯಬೇಡಿ, ತಪ್ಪು ನನ್ನದು ಎಂದು ಏನೇನೋ ತೊದಲಿದೆ. ಅವರು ಕುರಿಗಳ ಕಡೆ ನೋಡುತ್ತಲೇ, "ನಾಳಿಕ್ ಸಂಜೆ ನಾನೇ ಬತ್ತೀನಿ. ಅವಳಿಗೆ ಹೇಳ್ಬೇಡಿ" ಎಂದರು.

ಬರುವ ಶನಿವಾರ ಶಿರಾದಲ್ಲಿ ತಾಲ್ಲೂಕು ಪಂದ್ಯ. ರಂಜಿತಾ ಇಲ್ಲದೆ ತಂಡವಿಲ್ಲ ಎಂದು ಅಲ್ಲಿಯ ಪಿ.ಟಿ. ಮೇಷ್ಟ್ರು ಮೊದಲೇ ಹೇಳಿದ್ದರು. ಅವಳ ಆಟ ನಿಂತರೆ, ಅಥವಾ ಶಾಲೆಯೇ ನಿಂತರೆ, ಅದಕ್ಕೆ ಕಾರಣ ನಾನು. ಮನೆಗೆ ಬಂದವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹೇಳಿದರೆ ಅಪ್ಪನಿಗೆ ಮಾಡಿದ ಮೋಸ, ಹೇಳದಿದ್ದರೆ ಮಗಳಿಗೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮರುದಿನ ಮಧ್ಯಾಹ್ನವೇ ಆ ಶಾಲೆಗೆ ಹೋಗಿ ರಂಜಿತಾಳನ್ನು ಕರೆದು ಎಲ್ಲವನ್ನೂ ಹೇಳಿಬಿಟ್ಟೆ.

"ನೀವ್ಯಾಕೆ ಅಲ್ಲಿಗಂಟ ಹೋದ್ರಿ ಮಿಸ್?" ಎಂದಳು. "ನೀವೇ ಅಲ್ವಾ ಹೆಬ್ಬೆಟ್ಟು ಅಂದಿದ್ದು? ಅಪ್ಪನ ರುಜು ಹಾಕಾಕೆ ನಂಗೆ ಬರಾಕಿಲ್ಲ. ಹೆಬ್ಬೆಟ್ಟಾದ್ರೆ ಸುಲಭ ಅನ್ನಿಸ್ತು."

ಇವತ್ತೊಂದು ದಿನ ಆಡಬೇಡ, ಮನೆಗೆ ಹೋಗಿಬಿಡು ಎಂದೆ. ಅವಳು, "ಇವತ್ತು ಆಡ್ದೆ ಹೋದ್ರೆ ಇನ್ನೊಂದು ಸುಳ್ಳು ಆಯ್ತದೆ ಮಿಸ್" ಎಂದು ಜಡೆ ಮೇಲೆ ಕಟ್ಟಿಕೊಂಡು ಮೈದಾನಕ್ಕೆ ಹೋದಳು.

ಐದು ಗಂಟೆಗೆ ಈರಣ್ಣ ಬಂದರು. ಬೇಲಿಯ ಆಚೆಯೇ ನಿಂತು ನೋಡಿದರು. ರಂಜಿತಾ ಅವರನ್ನು ಕಂಡಳು, ಆದರೂ ಓಡುವುದನ್ನು ನಿಲ್ಲಿಸಲಿಲ್ಲ. ಕಂಬ ಸುತ್ತಿ ಹಾರಿ ಒಬ್ಬಳನ್ನು ಮುಟ್ಟಿ, ಮಣ್ಣಲ್ಲಿ ಬಿದ್ದು ಎದ್ದಳು. ಆಟ ಮುಗಿದ ಮೇಲೆ ತಲೆ ತಗ್ಗಿಸಿ ಬಂದು ಅಪ್ಪನೆದುರು ನಿಂತಳು. ನಾನು ನಡುವೆ ಬಾಯಿ ಹಾಕಲು ಹೋದೆ. ಈರಣ್ಣ ಕೈ ಎತ್ತಿ ತಡೆದರು.

"ಆಡಿದ್ದು ಇರ್ಲಿ. ನಿಮ್ಮಪ್ಪ ಹೆಬ್ಬೆಟ್ಟು ಅಂತ ಊರಿಗೆಲ್ಲ ಬರ್ಕೊಟ್ಯಲ್ಲೇ" ಎಂದರು. ರಂಜಿತಾ ಬಿಕ್ಕಿ ಅತ್ತಳು. ನಿಜಕ್ಕೂ ಅಳಬೇಕಾಗಿದ್ದವಳು ನಾನು.

ಆಮೇಲೆ ನನ್ನ ಕಡೆ ತಿರುಗಿ ಹೊಸ ಹಾಳೆ ಕೇಳಿದರು. ಶಾಲೆಯ ಜಗುಲಿಯ ಮೇಲೆ ಕೂತು ಒಂದೊಂದೇ ಓದಿ ಗುರುತು ಹಾಕಿದರು. ಆಟ ಆಡಿದರೆ ಓದು ಕೆಡುತ್ತದೆ, ಒಪ್ಪುತ್ತೇನೆ. ಹೆಣ್ಣುಮಕ್ಕಳಿಗೂ ಆಟ ಬೇಕು, ಅದಕ್ಕೂ ಒಪ್ಪುತ್ತೇನೆ. ಹಿಂದೆ ಮುಂದೆ ತಿರುವಿ ನೋಡಿ, "ಒಂದು ಬುಟ್ಟಿದ್ದೀರಲ್ಲಾ" ಎಂದರು.

"ಯಾವುದು?"

"ಆರು ಗಂಟೆಗೆ ಆಟ ಮುಗೀತದೆ. ಆ ಹೊತ್ನಾಗೆ ನಮ್ಮ ಹಟ್ಟಿಗೆ ಬಸ್ಸಿಲ್ಲ. ಮೂರು ಮೈಲಿ ಜಾಲಿ ನಡುವೆ ನಡೀಬೇಕು. ಹುಡುಗಿ ಮನೆಗೆ ಹೆಂಗೆ ಬತ್ತಾಳೆ ಅಂತ ಇದರಾಗೆ ಎಲ್ಲೂ ಕೇಳಿಲ್ಲ. ಮೊದ್ಲು ನಾನು ಆಟ ಬ್ಯಾಡ ಅಂದಿದ್ದು ಅದಕ್ಕೇ ಹೊರತು ಆಟಕ್ಕಲ್ಲ."

ಅಷ್ಟು ಪುಸ್ತಕ ಓದಿ ನಲವತ್ತು ಹೇಳಿಕೆ ಬರೆದಿದ್ದೆ. ಈ ಒಂದು ನನಗೆ ಹೊಳೆದಿರಲಿಲ್ಲ.

ಈರಣ್ಣ ಕೊನೆಯಲ್ಲಿ ತಮ್ಮ ಹೆಸರು, ತಂದೆ ಹೆಸರು, ಊರು ಎಲ್ಲ ಸೇರಿಸಿ ಉದ್ದಕ್ಕೆ ರುಜು ಹಾಕಿದರು. ಶನಿವಾರ ಮಗಳನ್ನು ತಾವೇ ಶಿರಾಕ್ಕೆ ಕರೆತಂದರು. ತಂಡ ಎರಡನೇ ಪಂದ್ಯದಲ್ಲಿ ಸೋತಿತು. ಸೋಮವಾರ ಸಂಜೆ ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. "ರಂಜಿತಾ ಆಟಕ್ಕೆ ಬಂದಿಲ್ಲ ಮೇಡಂ" ಎಂದರು. ಮಂಗಳವಾರವೂ ಇಲ್ಲ. ನನಗೆ ಅನ್ನ ಸೇರಲಿಲ್ಲ. ಬುಧವಾರ ಅವರೇ ಫೋನ್ ಮಾಡಿದರು. ಶಾಲೆಯಲ್ಲಿ ಕೊಟ್ಟಿದ್ದ ಅವಳ ಸೈಕಲ್ಲು ಇಷ್ಟು ದಿನ ಕುರಿ ಮಂದೆಯ ಓಡಾಟಕ್ಕೆ ಅಪ್ಪನ ಹತ್ತಿರವೇ ಇತ್ತಂತೆ. ಅದನ್ನು ತಂದು ಬಿಟ್ಟು ಹೋಗಿದ್ದಾರೆ, ಮೈದಾನದಲ್ಲಿದ್ದಾಳೆ, ಆದರೆ ಐದಕ್ಕೆ ಬಿಡಬೇಕೆಂದು ಕರಾರು ಎಂದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ.

ಇನ್ನೂ ಹನ್ನೊಂದು ಹಾಳೆ ಉಳಿದಿದ್ದವು. ಆ ಮನೆಗಳಿಗೂ ಹೋಗಿ ನಿಜ ತಿಳಿದುಕೊಂಡು ಬನ್ನಿ ಎಂದರು ನನ್ನ ಗೈಡ್. ಈ ಸಲ ಮೊದಲು ಮಕ್ಕಳನ್ನೇ ಒಬ್ಬೊಬ್ಬರನ್ನಾಗಿ ಕರೆದು, "ನಿಮ್ಮ ಮನೆಗೆ ಬರಲಾ?" ಎಂದು ಕೇಳಿದೆ. ಐದು ಮಂದಿ ಬನ್ನಿ ಎಂದರು. ಆರು ಹುಡುಗಿಯರು ನೆಲ ನೋಡುತ್ತ, "ಬ್ಯಾಡ ಮಿಸ್" ಎಂದರು. ಅವರೂ ಮನೆಗೆ ಹೇಳದೆ ಆಡುವವರು ಎಂದು ಅರ್ಥವಾಯಿತು. ಆ ಆರು ಹಾಳೆ ನನ್ನ ಪ್ರಬಂಧದಲ್ಲಿ ಇಲ್ಲ. ಈಗಲೂ ಸಂಜೆ ಆರಾದರೆ ಮನಸ್ಸು ತಡೆಯುವುದಿಲ್ಲ. ಆ ಆರು ಜನ ಇಷ್ಟು ಹೊತ್ತಿಗೆ ಜಾಲಿ ದಾಟಿ ಮನೆ ಸೇರಿರಬಹುದೇ ಎಂದು ಗಡಿಯಾರ ನೋಡುತ್ತೇನೆ.