ಗೈಡಿನಲ್ಲಿಲ್ಲದ ಉತ್ತರ

ಹೆಗ್ಗದ್ದೆ ಕಡೆಯ ಸರ್ಕಾರಿ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಬಂದ ಹೊಸದರಲ್ಲೇ ಶೀಲಾ, ಹತ್ತನೇ ತರಗತಿಯವರ ಗೈಡುಗಳನ್ನೆಲ್ಲ ಮುಚ್ಚಿಸಿದರು.

"ಮೊದಲ ವಾಕ್ಯದಲ್ಲೇ ನಿಮ್ಮ ಮಾತು ಏನು ಅಂತ ಖಡಾಖಂಡಿತವಾಗಿ ಹೇಳಿ. ಆಮೇಲೆ ಅದಕ್ಕೆ ಸಾಕ್ಷಿ ಕೊಡಿ. ಸಾಕ್ಷಿ ಇಲ್ಲದ ಮಾತು ನನ್ನ ಹತ್ರ ನಡೆಯಲ್ಲ" ಎಂದರು.

ಈ ಹಟ ತಾಯಿಯಿಂದ ಬಂದದ್ದು. ಆಲೂರು ಕಡೆಯ ಕಾಫಿ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಯಲ್ಲಿ ಬದುಕು ಸವೆಸಿದ ಈರಮ್ಮ, ಯಾರ ಮೇಲಾದರೂ ಕಳ್ಳತನ ಹೊರಿಸುವ ಮಾತು ಬಂದರೆ "ಕಣ್ಣಾರೆ ನೋಡಿದ್ರಾ?" ಎಂದು ಮುಖಕ್ಕೇ ಕೇಳುತ್ತಿದ್ದಳು. ಎದುರಿಗಿದ್ದವರು ಲೆಕ್ಕ ಬರೆಯುವ ರೈಟರ್ ಆದರೂ ಅಷ್ಟೆ, ಯಜಮಾನರಾದರೂ ಅಷ್ಟೆ.

ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಮಲೆನಾಡಿನ ಭತ್ತದ ಗದ್ದೆಗಳು ಪಾಳು ಬೀಳಲು ಕಾರಣವೇನು ಎಂಬ ಪ್ರಶ್ನೆ ಬಂತು. ಯುವಜನರು ನಗರಗಳಿಗೆ ವಲಸೆ ಹೋಗುತ್ತಿರುವುದೇ ಕಾರಣ ಎನ್ನುತ್ತಿತ್ತು ಗೈಡು. ಬಿಂದುಶ್ರೀ ಎಂಬ ಹುಡುಗಿ ಬೇರೆಯೇ ಬರೆದಳು: "ನಮ್ಮೂರಿನ ಗದ್ದೆಗಳು ಪಾಳು ಬಿದ್ದಿರುವುದು ಆನೆಗಳ ಭಯದಿಂದ. ನಮಗೆ ಎರಡು ಗದ್ದೆಗಳಿವೆ. ಸೋಲಾರ್ ಬೇಲಿಯ ಒಳಗಿರುವುದರಲ್ಲಿ ಅಪ್ಪ ಈಗಲೂ ನಾಟಿ ಮಾಡಿಸುತ್ತಾರೆ. ಹೊರಗಿನದನ್ನು ಬಿಟ್ಟಿದ್ದಾರೆ. ಪಕ್ಕದ ಮನೆಯವರದೂ ಹಾಗೆಯೇ. ಜನರಿಲ್ಲದಿರುವುದೇ ಕಾರಣವಾಗಿದ್ದರೆ ಎರಡೂ ಪಾಳು ಬೀಳಬೇಕಿತ್ತು."

ಸಕಲೇಶಪುರದಲ್ಲಿ ಉತ್ತರಪತ್ರಿಕೆ ತಿದ್ದಿದ ದೇವೇಂದ್ರ ಮೇಷ್ಟ್ರು ಅದಕ್ಕೆ ದುಂಡಗೆ ಸೊನ್ನೆ ಹಾಕಿದ್ದರು. ಶೀಲಾ ಶನಿವಾರ ಮಧ್ಯಾಹ್ನ ಬಸ್ ಹತ್ತಿ ಹೋಗಿ ಅವರೆದುರು ನಿಂತರು.

"ಮಾದರಿ ಉತ್ತರದಲ್ಲಿ ಆನೆ ಇಲ್ಲ ಮೇಡಂ" ಎಂದರು ದೇವೇಂದ್ರ.

"ಗದ್ದೇಲಿ ಇದೆಯಲ್ಲ ಸಾರ್!"

ಮೇಷ್ಟ್ರಿಗೆ ನಗು ಬಂತು. ಆದರೂ ತಲೆಯಾಡಿಸಿದರು. "ನನ್ನ ಕೈ ಕಟ್ಟಿದೆ. ಅಂಕ ಬದಲಾಯಿಸೋಕಾಗಲ್ಲ."

"ಹಾಗಾದ್ರೆ ಹುಡುಗಿ ಬರೆದಿದ್ರಲ್ಲಿ ಯಾವ ಮಾತು ತಪ್ಪು ಅಂತಾದ್ರೂ ಹೇಳಿ. ಅವಳಿಗೆ ತಿಳಿಸ್ತೀನಿ."

ದೇವೇಂದ್ರ ಆ ಉತ್ತರವನ್ನು ಮತ್ತೊಮ್ಮೆ ಓದಿ, ಪತ್ರಿಕೆಯನ್ನು ಕಟ್ಟಿಗೆ ಸೇರಿಸಿದರು. ಸೊನ್ನೆ ಮಾತ್ರ ಅಳಿಯಲಿಲ್ಲ.

ಸುದ್ದಿ ಮುಖ್ಯೋಪಾಧ್ಯಾಯ ರವಿಚಂದ್ರರ ಕಿವಿಗೆ ಬಿದ್ದಾಗ ಅವರು ಕೆಂಡವಾದರು. ಶಾಲೆಯ ಫಲಿತಾಂಶ ಇಳಿದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರೇ. "ಸೋಮವಾರ ನನ್ನೆದುರಿಗೇ ಗೈಡ್ ಉತ್ತರ ಬರೆಸಿ" ಎಂದು ಅಪ್ಪಣೆ ಮಾಡಿ, ಹೇಳಿದಂತೆಯೇ ಬಂದು ತರಗತಿಯ ಬಾಗಿಲಲ್ಲಿ ನಿಂತರು.

ಶೀಲಾ ಗೈಡಿನ ವಾಕ್ಯವನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಮಕ್ಕಳ ಕಡೆ ತಿರುಗಿದರು. "ಇದು ಗೈಡಿನ ಮಾತು. ಇದಕ್ಕೆ ಸಾಕ್ಷಿ ಯಾರ ಹತ್ರ ಇದೆ?"

ಹಿಂದಿನ ಬೆಂಚಿನಿಂದ ಸಿದ್ದು ಎದ್ದ. "ನಮ್ಮಣ್ಣ ಮಂಗ್ಳೂರಿಗೆ ಹೋಗ್ಬುಟ್ಟ ಮಿಸ್. ಅಪ್ಪಂಗೆ ಒಬ್ಬಂಗೇ ಆಗ್ದೆ ಗದ್ದೆ ಹಂಗೇ ಐತೆ."

"ಭೇಷ್! ಇದೂ ಸಾಕ್ಷಿನೇ, ಬರಿ" ಎಂದರು ಶೀಲಾ. ಬಾಗಿಲಲ್ಲಿದ್ದ ರವಿಚಂದ್ರರ ಮುಖ ಕೊಂಚ ಅರಳಿತು.

ಬಿಂದುಶ್ರೀ ಸುಮ್ಮನಿರಲಿಲ್ಲ. "ನಿಮ್ ಗದ್ದೆ ಬೇಲಿ ಹೊರಗೈತೆ ಕಣೋ. ನಿಮ್ಮಣ್ಣ ಹೋಗಿದ್ದು ಆನೆ ತುಳಿಯೋಕ್ ಮುಂಚೆನೋ, ಆಮೇಲೋ?"

ಸಿದ್ದು ತಲೆ ಕೆರೆದುಕೊಂಡ. "ಆಮೇಲೇ ಕಣೆ... ಎರಡು ಸಲ ಬೆಳೆ ಹೋದ್ಮೇಲೆ, ಇಲ್ಲಿದ್ದು ಏನ್ ಮಾಡ್ಲಿ ಅಂತ ಹೊಂಟೋದ." ಯಾರೂ ಹೇಳದೆಯೇ, ತಾನು ಬರೆದಿದ್ದ ಸಾಲನ್ನು ಹೊಡೆದುಹಾಕಿದ. ತರಗತಿ ಹೋ ಎಂದಿತು.

"ಇದೆಲ್ಲ ಪರೀಕ್ಷೆಯಲ್ಲಿ ನಡೆಯುತ್ತಾ ಮೇಡಂ?" ರವಿಚಂದ್ರರ ದನಿ ಏರಿತು. "ರಿಸಲ್ಟ್ ಬಿದ್ದರೆ ಯಾರು ಹೊಣೆ?"

ಶೀಲಾ ಬಾಗಿಲ ಕಡೆ ತಿರುಗಿದರು. "ನಾನೇ ಸಾರ್. ಗೈಡಲ್ಲಿರೋದನ್ನೂ ಓದಿಸ್ತೀನಿ. ಆದ್ರೆ ಕಣ್ಣಿಗೆ ಕಂಡಿದ್ದನ್ನ ಬರೀಬೇಡಿ ಅಂತ ಮಾತ್ರ ಹೇಳಲ್ಲ."

ಮಾರ್ಚ್ ಪರೀಕ್ಷೆಯಲ್ಲಿ ಗದ್ದೆಯ ಪ್ರಶ್ನೆ ಬರಲೇ ಇಲ್ಲ. ಬಿಂದುಶ್ರೀಗೆ ಒಳ್ಳೆಯ ಅಂಕ ಬಂತು, ಸಿದ್ದು ಹೇಗೋ ದಾಟಿಕೊಂಡ. ಶಾಲೆಯ ಫಲಿತಾಂಶ ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೂ ಜೂನ್‌ನಲ್ಲಿ ರವಿಚಂದ್ರರು ಹತ್ತನೇ ತರಗತಿಯನ್ನು ಬೇರೆಯವರಿಗೆ ವಹಿಸಿ, ಶೀಲಾರನ್ನು ಎಂಟನೇ ತರಗತಿಗೆ ಹಾಕಿದರು. ಶೀಲಾಗೆ ಬೇಸರವಾಗಲಿಲ್ಲವೆಂದಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಒಳ್ಳೇದೇ ಆಯ್ತು ಸಾರ್" ಎಂದು ಶೀಲಾ ರವಿಚಂದ್ರರಿಗೆ ಹೇಳಿ ಡಸ್ಟರ್ ಎತ್ತಿಕೊಂಡರು. "ಇನ್ಮೇಲೆ ಎರಡು ವರ್ಷ ಮುಂಚೆನೇ ಶುರು ಮಾಡಬಹುದು."